ತಳ ಮುಟ್ಟುವ ಮೊದಲು ಕಿವಿಯ ಮಾತು ಕೇಳಿ

ಬೇಸಿಗೆ ರಜೆ ಬಂತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಬಾವಿಗಳಲ್ಲಿ ಮಕ್ಕಳ ಜಾತ್ರೆ. ಉಸಿರು ಕಟ್ಟಿ ತಳ ಮುಟ್ಟುವ ಆಟದಲ್ಲಿ ಒಳ್ಳೆಯ ಈಜುಗಾರರೂ ಸೋಲುವುದು ಕಿವಿಯ ಮುಂದೆ. ಆ ನೋವನ್ನು ತಾಳಿಕೊಳ್ಳುವುದು ಶೌರ್ಯವಲ್ಲ, ಅಪಾಯ.

ಪರೀಕ್ಷೆ ಮುಗಿದಿರುತ್ತದೆ. ಯುಗಾದಿ ಕಳೆದು ಬಿಸಿಲು ನೆತ್ತಿ ಸುಡತೊಡಗಿರುತ್ತದೆ. ಎರೆಹೊಲದ ನಡುವಿನ ಕಲ್ಲು ಕಟ್ಟಿದ ಬಾವಿಯ ಮೆಟ್ಟಿಲ ಮೇಲೆ ಅಂಗಿ ಚಡ್ಡಿಗಳ ಗುಡ್ಡೆ. ಚಿಕ್ಕವರ ಬೆನ್ನಿಗೆ ಸೋರೆಬುರುಡೆ, ಇಲ್ಲವೇ ಬಾಯಿ ಬಿಗಿದ ಪ್ಲಾಸ್ಟಿಕ್ ಕ್ಯಾನು. ದೊಡ್ಡ ಹುಡುಗರಿಗೆ ಅದರ ಹಂಗಿಲ್ಲ. ಅವರ ಪಂದ್ಯವೇ ಬೇರೆ. ಮೇಲಿನಿಂದ ಜಿಗಿದು, ಉಸಿರು ಕಟ್ಟಿ ತಳಕ್ಕಿಳಿದು, ಒಂದು ಮುಷ್ಟಿ ಉಸುಕು ತಂದು ಎಲ್ಲರಿಗೂ ತೋರಿಸಬೇಕು. ತಂದವನೇ ಅಂದಿನ ಸರದಾರ.

ಮೇಲೆ ಬಂದ ಹುಡುಗ ಒಂದು ಕೈಯಲ್ಲಿ ಉಸುಕು ತೋರಿಸುತ್ತಾನೆ. ಇನ್ನೊಂದು ಕೈ ಕಿವಿಯ ಮೇಲಿರುತ್ತದೆ. ‘ಕಿವಿ ಗುಂಯ್ ಅನ್ನಾಕತ್ತೈತಿ’ ಎಂದರೆ ಮೆಟ್ಟಿಲ ಮೇಲೆ ಕುಳಿತವರ ಉತ್ತರ ಸಿದ್ಧವಾಗಿರುತ್ತದೆ: ‘ಏನೂ ಆಗೂದಿಲ್ಲ. ನಾಕ ದಿನ ಮುಳುಗು, ತಾನ ಪಳಗತೈತಿ.’

ತಲೆತಲಾಂತರದಿಂದ ಬಂದ ಈ ಮಾತು ತಪ್ಪು. ಕೈಕಾಲು ಪಳಗುತ್ತವೆ, ಉಸಿರು ಪಳಗುತ್ತದೆ; ಕಿವಿಯ ತಮಟೆ ಪಳಗುವುದಿಲ್ಲ. ನೋವಿನ ಮೇಲೆ ನೋವು ಕೊಟ್ಟರೆ ಅದು ಹರಿಯುತ್ತದೆ. ಹರಿದ ಮೇಲೆ ನೋವು ನಿಲ್ಲುವುದರಿಂದ ಕಿವಿ ‘ಪಳಗಿತು’ ಎಂಬ ಭ್ರಮೆ ಹುಟ್ಟುತ್ತದೆ, ಅಷ್ಟೇ.

ಘಾಟಿನಲ್ಲಿ ಮೂರಡಿ, ಬಾವಿಯಲ್ಲಿ ಇಪ್ಪತ್ತಡಿ

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋದವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಬಸ್ಸು ತಿರುವುಗಳನ್ನು ಇಳಿಯುತ್ತಿದ್ದಂತೆ ಕಿವಿ ಕಟ್ಟಿದಂತಾಗುತ್ತದೆ. ಉಗುಳು ನುಂಗಿದರೆ ‘ಟಪ್’ ಎಂದು ತೆರೆದುಕೊಳ್ಳುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 2500 ಅಡಿ ಎತ್ತರದಲ್ಲಿದೆ. ಕೆಳಗಿಳಿದಂತೆ ಮೈಮೇಲಿನ ಗಾಳಿಯ ಭಾರ ಹೆಚ್ಚುತ್ತದೆ. ಆ ಹೆಚ್ಚಳವನ್ನೇ ಕಿವಿ ಹಾಗೆ ತಿಳಿಸುತ್ತದೆ.

ಈಗ ಒಂದು ಲೆಕ್ಕ. ಅಷ್ಟೂ ಘಾಟನ್ನು ಇಳಿದಾಗ ಹೆಚ್ಚಾಗುವ ಒತ್ತಡ ಎಷ್ಟು ನೀರಿಗೆ ಸಮ? ಕೇವಲ 3 ಅಡಿ ನೀರಿಗೆ! ಬಸ್ಸು ಗಂಟೆಗಟ್ಟಲೆ ತೆಗೆದುಕೊಂಡು ಕಿವಿಗೆ ಕೊಡುವ ಒತ್ತಡವನ್ನು ಬಾವಿಯಲ್ಲಿ ಮುಳುಗುವ ಹುಡುಗ ಒಂದೆರಡು ಸೆಕೆಂಡಿನಲ್ಲಿ ದಾಟಿಬಿಡುತ್ತಾನೆ. ಅವನು 20 ಅಡಿಗೆ ಇಳಿದರೆ ಅಂಥ ಆರೇಳು ಘಾಟುಗಳನ್ನು ಒಂದರ ಹಿಂದೊಂದರಂತೆ ಅರೆ ನಿಮಿಷದೊಳಗೆ ಇಳಿದಂತೆ.

ಭೂಮಿಯ ಮೇಲಿನ ಗಾಳಿ ಸಮುದ್ರಮಟ್ಟದಲ್ಲಿ ಎಷ್ಟು ಒತ್ತುತ್ತದೆಯೋ ಅಷ್ಟೇ ಒತ್ತಡವನ್ನು ಸುಮಾರು 34 ಅಡಿ ಸಿಹಿನೀರು ಕೊಡುತ್ತದೆ. ಎಂದರೆ 34 ಅಡಿ ಆಳದಲ್ಲಿ ಒತ್ತಡ ಎರಡರಷ್ಟು. ಒತ್ತಡ ಎರಡರಷ್ಟಾದರೆ ಗಾಳಿಯ ಗಾತ್ರ ಅರ್ಧಕ್ಕೆ ಇಳಿಯುತ್ತದೆ ಎಂಬುದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ. ಹೈಸ್ಕೂಲಿನ ವಿಜ್ಞಾನ ಓದಿದವರಿಗೆ ಇದು ಹೊಸದಲ್ಲ. ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಯೊಂದರ ಮುಚ್ಚಳ ಬಿಗಿದು, ಕಲ್ಲು ಕಟ್ಟಿ, ಹಗ್ಗದಿಂದ ಬಾವಿಯ ತಳಕ್ಕೆ ಬಿಟ್ಟರೆ ಅದು ಒಳಕ್ಕೆ ಕುಗ್ಗಿ ಕೂತಿರುತ್ತದೆ. ಹಿರಿಯರು ಜೊತೆಗಿದ್ದರೆ ಮಕ್ಕಳು ಮಾಡಿ ನೋಡಬಹುದಾದ ಪ್ರಯೋಗ.

ಗಮನಿಸಬೇಕಾದದ್ದು ಇನ್ನೊಂದಿದೆ. ಗಾಳಿ ಬೇಗ ಬೇಗ ಕುಗ್ಗುವುದು ಆಳದಲ್ಲಲ್ಲ, ಮೇಲಿನ ನೀರಿನಲ್ಲೇ. ಮೊದಲ 10 ಅಡಿಯಲ್ಲಿಯೇ ಅದು ಹೆಚ್ಚೂಕಡಿಮೆ ಕಾಲು ಭಾಗ ಕುಗ್ಗಿರುತ್ತದೆ. ‘ಹತ್ತಡಿ ನೀರಾಗ ಏನಾಗತೈತಿ’ ಎನ್ನುವುದು ಅದಕ್ಕೇ ತಪ್ಪು.

ಕಿವಿಯೊಳಗಿನ ವಾಲ್‌ಟ್ಯೂಬು

ಬಾಟಲಿ ಕುಗ್ಗಿದಂತೆ ಮೈ ಏಕೆ ಕುಗ್ಗುವುದಿಲ್ಲ? ಮಾಂಸ, ರಕ್ತ, ಎಲುಬುಗಳು ಸುಲಭವಾಗಿ ಕುಗ್ಗುವಂಥವಲ್ಲ. ಕುಗ್ಗುವುದು ಗಾಳಿ ತುಂಬಿದ ಜಾಗಗಳು ಮಾತ್ರ. ಅಂಥ ಜಾಗಗಳಲ್ಲಿ ಒಂದು ಕಿವಿಯ ತಮಟೆಯ ಹಿಂದಿರುವ ಪುಟ್ಟ ಕೋಣೆ. ಅದಕ್ಕೆ ನಡುಗಿವಿ ಎನ್ನುತ್ತಾರೆ. ಅಲ್ಲಿ ಹಿಡಿಸುವ ಗಾಳಿ ಒಂದೆರಡು ಮಿಲಿಲೀಟರ್ ಮಾತ್ರ. ಅದರ ಬಾಗಿಲಿನಂತಿರುವ ತಮಟೆ ಸುಮಾರು ಒಂದು ಸೆಂಟಿಮೀಟರ್ ಅಗಲದ, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಪೊರೆ. 10 ಅಡಿ ಆಳದಲ್ಲಿ ಈ ಪೊರೆಯ ಮೇಲೆ ನೀರು ಹೇರುವ ಹೆಚ್ಚಿನ ಭಾರ 180 ಗ್ರಾಂನ ಆಸುಪಾಸು.

ಪ್ರಕೃತಿ ಇದಕ್ಕೊಂದು ದಾರಿ ಮಾಡಿಕೊಟ್ಟಿದೆ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ, ಗಂಟಲ ಮೇಲ್ಗಡೆಗೆ, ಒಂದು ಸಣ್ಣ ನಾಳವಿದೆ. 16ನೆಯ ಶತಮಾನದ ಇಟಲಿಯ ಅಂಗರಚನಾ ತಜ್ಞ ಬಾರ್ತೊಲೊಮಿಯೊ ಯುಸ್ಟಾಕಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಯುಸ್ಟೇಷಿಯನ್ ನಾಳ ಎಂದೇ ಹೆಸರು. ಗಂಟಲಿನ ಗಾಳಿ ಈ ನಾಳದ ಮೂಲಕ ನಡುಗಿವಿಗೆ ಹೋದರೆ ತಮಟೆಯ ಎರಡೂ ಬದಿಗೆ ಒತ್ತಡ ಸಮವಾಗುತ್ತದೆ, ನೋವಿರುವುದಿಲ್ಲ.

ಆದರೆ ಈ ನಾಳ ಸದಾ ತೆರೆದಿರುವುದಿಲ್ಲ. ಸೈಕಲ್ಲಿನ ವಾಲ್‌ಟ್ಯೂಬನ್ನು ನೆನಪಿಸಿಕೊಳ್ಳಿ. ಗಾಳಿ ಒಂದು ದಿಕ್ಕಿಗೆ ಸಲೀಸಾಗಿ ಹೋಗುತ್ತದೆ, ಇನ್ನೊಂದು ದಿಕ್ಕಿಗೆ ಹೋಗುವುದಿಲ್ಲ. ಇದೂ ಹೆಚ್ಚೂಕಡಿಮೆ ಹಾಗೆಯೇ. ನೀರಿನಿಂದ ಮೇಲೇಳುವಾಗ ನಡುಗಿವಿಯ ಗಾಳಿ ತಾನಾಗಿ ಹೊರಬೀಳುತ್ತದೆ. ಕೆಳಗಿಳಿಯುವಾಗ ಮಾತ್ರ ಅದು ತಾನಾಗಿ ಒಳಹೋಗದು. ನುಂಗಿದಾಗ, ಆಕಳಿಸಿದಾಗ ಅಥವಾ ಬೇಕೆಂದೇ ತಳ್ಳಿದಾಗ ಮಾತ್ರ ನಾಳ ಬಾಯಿ ಬಿಡುತ್ತದೆ.

ಇಲ್ಲೊಂದು ಗಡುವಿದೆ. ಸುಮಾರು 4 ಅಡಿ ನೀರಿನಷ್ಟು ವ್ಯತ್ಯಾಸ ಆದಮೇಲೂ ಗಾಳಿ ಕಳಿಸದಿದ್ದರೆ ನಾಳದ ಮೃದುವಾದ ಬಾಯಿ ಒತ್ತಿಕೊಂಡು ಬೀಗ ಹಾಕಿದಂತಾಗುತ್ತದೆ. ಆಮೇಲೆ ಎಷ್ಟು ಬಲವಾಗಿ ಊದಿದರೂ ಅದು ತೆರೆಯದು. ಇನ್ನೂ ಇಳಿದರೆ ನಡುಗಿವಿಯಲ್ಲಿ ರಕ್ತ ಜಿನುಗುತ್ತದೆ, ಕೊನೆಗೆ ತಮಟೆ ಹರಿಯುತ್ತದೆ. ಕೆಲವರಲ್ಲಿ 5–6 ಅಡಿಯಲ್ಲೇ ಹೀಗಾಗಬಹುದು. ಇನ್ನು ಕೆಲವರ ತಮಟೆ 17 ಅಡಿಯವರೆಗೂ ತಾಳೀತು. ಯಾರದು ಎಲ್ಲಿಯವರೆಗೆ ಎಂಬುದು ಮೊದಲೇ ಗೊತ್ತಾಗುವುದಿಲ್ಲ.

ತಮಟೆ ಹರಿಯುವುದಕ್ಕಿಂತ ಅಪಾಯಕರವಾದದ್ದು ಅದರ ಬೆನ್ನಿಗೇ ಬರುತ್ತದೆ. ಬಾವಿಯ ತಳದ ತಣ್ಣೀರು ಹರಿದ ಜಾಗದಿಂದ ಒಳನುಗ್ಗಿದಾಗ, ದೇಹದ ಸಮತೋಲ ಕಾಯುವ ಒಳಗಿವಿ ಗಲಿಬಿಲಿಗೊಂಡು ತಲೆ ಗಿರ್ರನೆ ಸುತ್ತುತ್ತದೆ. ಮೇಲು ಯಾವುದು, ಕೆಳಗು ಯಾವುದು ತಿಳಿಯುವುದಿಲ್ಲ. ನೀರು ಮೈಬಿಸಿಗೆ ಬರುವವರೆಗೆ ಈ ಸುತ್ತು ಇರುತ್ತದೆ. ಉಸಿರು ಕಟ್ಟಿದವನ ಬಳಿ ಅಷ್ಟು ಹೊತ್ತು ಎಲ್ಲಿದೆ? ಚೆನ್ನಾಗಿ ಈಜು ಬಲ್ಲವರೂ ಹೀಗೆ ಮುಳುಗಿಹೋಗಬಹುದು. ಅಂಥ ಗಳಿಗೆಯಲ್ಲಿ ಕಣ್ಮುಚ್ಚಿ ಬಡಿದಾಡದೆ ಬಾವಿಯ ಗೋಡೆ ಹಿಡಿಯಬೇಕು. ಬಾಯಿಂದ ಬಿಟ್ಟ ಗುಳ್ಳೆ ಹೋಗುವ ಕಡೆಯೇ ಮೇಲು.

‘ಪಳಗಿದ’ ಕಿವಿಯ ಕಥೆ

ಬಾವಿಯಲ್ಲಿ ಹುಡುಗರು ಆಡುವ ಈ ಆಟಕ್ಕೆ ಹೊರಜಗತ್ತಿನಲ್ಲಿ ‘ಫ್ರೀ ಡೈವಿಂಗ್’ ಎಂದು ಹೆಸರು. ಗಾಳಿಯ ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಇಳಿದು ಬರುವುದು. ಇದು ಕ್ರೀಡೆಯಾಗುವ ಮೊದಲು ಹೊಟ್ಟೆಪಾಡಾಗಿತ್ತು. ತೂತ್ತುಕುಡಿಯ ಕಡಲಲ್ಲಿ ಮುತ್ತು, ಶಂಖ ಹೆಕ್ಕುವವರು, ಜಪಾನಿನ ‘ಅಮಾ’ ಹೆಂಗಸರು, ಕೊರಿಯಾದ ಜೆಜು ದ್ವೀಪದ ‘ಹೇನ್ಯೊ’ ಹೆಂಗಸರು ಎಲ್ಲರೂ ಇದನ್ನೇ ನಂಬಿ ಬದುಕಿದವರು. ಹೇನ್ಯೊ ಪರಂಪರೆಯನ್ನು ಯುನೆಸ್ಕೊ 2016ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಹಳ್ಳಿಗಳಲ್ಲಿಯೂ ಬಾವಿಗೆ ಬಿದ್ದ ತಾಮ್ರದ ಕೊಡ ಪಾತಾಳಗರಡಿಗೆ ಸಿಗದಿದ್ದರೆ ಮುಳುಗಬಲ್ಲವನಿಗೆ ಕರೆ ಹೋಗುತ್ತಿತ್ತು.

ಇಂಥವರ ಪೈಕಿ ಗ್ರೀಸಿನ ಸ್ಪಂಜು ಹೆಕ್ಕುವ ಮುಳುಗುಗಾರ ಹಾಗ್ಗಿ ಸ್ಟಾಟ್ಟಿಯದು ಮರೆಯಲಾಗದ ಕಥೆ. 1913ರಲ್ಲಿ ಇಟಲಿಯ ಯುದ್ಧನೌಕೆ ‘ರೆಜಿನಾ ಮಾರ್ಗರಿಟಾ’ದ ಲಂಗರು ಕಾರ್ಪಥೋಸ್ ದ್ವೀಪದ ಬಳಿ ಕಡಲ ತಳ ಸೇರಿತು. ಆತ ಕಲ್ಲು ಹಿಡಿದು ಒಂದೇ ಉಸಿರಿಗೆ 70 ಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಲಂಗರಿಗೆ ಹಗ್ಗ ಕಟ್ಟಿ ಬಂದ. ಹಡಗಿನ ವೈದ್ಯರು ಬೆರಗಾಗಿ ಅವನನ್ನು ಪರೀಕ್ಷಿಸಿದರು. ಕಂಡದ್ದೇನು? ಒಂದು ಕಿವಿಯಲ್ಲಿ ತಮಟೆಯೇ ಇರಲಿಲ್ಲ. ಇನ್ನೊಂದರದು ತೂತಾಗಿತ್ತು. ಅವನಿಗೆ ಕಿವಿನೋವು ಬಾರದಿದ್ದುದರ ಗುಟ್ಟು ಇದೇ! ಆಗ್ನೇಯ ಏಷ್ಯಾದ ಕಡಲಲ್ಲಿ ಬದುಕುವ ಬಜಾವ್ ಜನಾಂಗದಲ್ಲಿಯೂ ಎಳವೆಯಲ್ಲೇ ತಮಟೆ ಹರಿದುಕೊಂಡು, ವಯಸ್ಸಾದಾಗ ಕಿವುಡರಾದವರು ಇದ್ದಾರೆ.

ಅವರಿಗೆ ಅದು ಅನ್ನದ ಪ್ರಶ್ನೆಯಾಗಿತ್ತು. ಒಂದು ಮುಷ್ಟಿ ಉಸುಕಿಗಾಗಿ ಶಾಲೆಗೆ ಹೋಗುವ ಹುಡುಗ ಅದೇ ಬೆಲೆ ತೆರಬೇಕೆ? ಇಂದು ಪರಿಣತ ಫ್ರೀ ಡೈವರ್‌ಗಳು ನೋವು ತಾಳಿಕೊಂಡು ಇಳಿಯುವುದಿಲ್ಲ. 1976ರಲ್ಲಿ ಒಂದೇ ಉಸಿರಿಗೆ 100 ಮೀಟರ್ ಮುಟ್ಟಿದ ಫ್ರಾನ್ಸಿನ ಜಾಕ್ ಮಾಯೋಲ್ ಆಗಲಿ, 2007ರಲ್ಲಿ 214 ಮೀಟರ್ ಇಳಿದ ಆಸ್ಟ್ರಿಯಾದ ಹರ್ಬರ್ಟ್ ನಿಟ್ಷ್ ಆಗಲಿ, ಕಿವಿಯ ಒತ್ತಡ ಸರಿದೂಗಿಸುವ ವಿದ್ಯೆ ಇಲ್ಲದೆ ಅಷ್ಟು ಆಳಕ್ಕೆ ಹೋಗುವಂತಿರಲಿಲ್ಲ.

ಮೂಗು ಹಿಡಿದು ಮಾಡುವ ಮೂರು ಉಪಾಯ

ಮೊದಲನೆಯದು ಎಲ್ಲರಿಗೂ ಗೊತ್ತಿರುವುದು. ಬಾಯಿ ಮುಚ್ಚಿ, ಮೂಗು ಹಿಡಿದು, ಮೆಲ್ಲಗೆ ಊದುವುದು. ಇಟಲಿಯ ವೈದ್ಯ ಅಂಟೋನಿಯೊ ವಾಲ್ಸಾಲ್ವಾ 1704ರ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ. ಅವನ ಉದ್ದೇಶ ಮುಳುಗುವುದಲ್ಲ, ಕಿವಿಯ ಕೀವು ಹೊರಹಾಕುವುದು! ಕಲಿಯಲು ಇದು ಸುಲಭ. ಆದರೆ ಜೋರು ಮಾಡುವಂತಿಲ್ಲ. ಬಲವಾಗಿ ಊದಿದರೆ ಒಳಗಿವಿಯ ನವಿರಾದ ಪೊರೆ ಹರಿದು ಶಾಶ್ವತ ಕಿವುಡು ಬರಬಹುದು. ಒಂದು ಸಲಕ್ಕೆ ಐದು ಸೆಕೆಂಡು ಮೀರಬಾರದು. ತಲೆ ಕೆಳಗಾಗಿ ಇಳಿಯುವಾಗ ಇದು ಸರಿಯಾಗಿ ನಡೆಯುವುದೂ ಇಲ್ಲ.

ಎರಡನೆಯದು ಮೂಗು ಹಿಡಿದು ಉಗುಳು ನುಂಗುವುದು. 19ನೆಯ ಶತಮಾನದ ಲಂಡನ್ನಿನ ಕಿವಿವೈದ್ಯ ಜೋಸೆಫ್ ಟಾಯ್ನ್‌ಬೀ ಹೆಸರಿನಲ್ಲಿ ಇದು ಪ್ರಸಿದ್ಧ. ನುಂಗುವಾಗ ನಾಳ ತಾನಾಗಿ ತೆರೆಯುವುದರಿಂದ ಕಿವಿಗೆ ಪೆಟ್ಟು ಬೀಳುವ ಭಯ ಕಡಿಮೆ. ಆದರೆ ಬೇಗ ಬೇಗ ಇಳಿಯುವವರಿಗೆ ಇದೊಂದೇ ಸಾಲದು.

ಮೂರನೆಯದನ್ನು ಜರ್ಮನಿಯ ಕಿವಿ-ಮೂಗು-ಗಂಟಲು ತಜ್ಞ ಹರ್ಮನ್ ಫ್ರೆಂಜೆಲ್ 1938ರಲ್ಲಿ, ಕಡಿದಾಗಿ ಕೆಳಗೆರಗುವ ಬಾಂಬರ್ ವಿಮಾನಗಳ ಪೈಲಟ್‌ಗಳಿಗೆಂದು ರೂಪಿಸಿದ. ಇಂದು ಮುಳುಗುಗಾರರು ಮುಖ್ಯವಾಗಿ ನೆಚ್ಚುವುದು ಇದನ್ನೇ. ಕನ್ನಡ ಓದುವ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಸುಲಭ. ‘ಕ, ಖ, ಗ, ಘ’ ಕಂಠ್ಯಾಕ್ಷರಗಳು. ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳಿಗೆ ತಾಗಿದಾಗ ಅವು ಹುಟ್ಟುತ್ತವೆ. ಈಗ ಬಾಯಿ ಮುಚ್ಚಿ, ಮೂಗು ಹಿಡಿಯಿರಿ. ಭಾರದ ಚೀಲ ಎತ್ತುವಾಗ ಗಂಟಲು ಬಿಗಿಯುತ್ತದಲ್ಲ, ಹಾಗೆ ಬಿಗಿಯಿರಿ. ನಾಲಿಗೆಯ ತುದಿಯನ್ನು ಮೇಲುಹಲ್ಲಿನ ಹಿಂದೆ ಒತ್ತಿ, ಸದ್ದಿಲ್ಲದೆ ‘ಕ’ ಎನ್ನಲು ಹೊರಟಂತೆ ನಾಲಿಗೆಯ ಹಿಂಭಾಗವನ್ನು ಮೇಲಕ್ಕೆ ತಳ್ಳಿ. ಬೆರಳಿನ ಕೆಳಗೆ ಮೂಗಿನ ಹೊಳ್ಳೆ ಕೊಂಚ ಉಬ್ಬಿ, ಎರಡೂ ಕಿವಿಯಲ್ಲಿ ‘ಟಪ್’ ಎಂದರೆ ಸರಿಯಾಯಿತು. ಎದೆ, ಹೊಟ್ಟೆ ಅಲುಗಬಾರದು. ಇಲ್ಲಿ ಕೆಲಸ ಮಾಡುವುದು ಶ್ವಾಸಕೋಶವಲ್ಲ, ನಾಲಿಗೆ. ಅದಕ್ಕೇ ಹೆಚ್ಚು ಒತ್ತಡ ಬೀಳುವ ಭಯ ಕಡಿಮೆ, ತಲೆ ಕೆಳಗಾಗಿದ್ದರೂ ನಡೆಯುತ್ತದೆ.

ಇವೆಲ್ಲವನ್ನೂ ಕಲಿಯಬೇಕಾದದ್ದು ಬಾವಿಯಲ್ಲಲ್ಲ, ಮನೆಯಲ್ಲಿ, ಕನ್ನಡಿಯ ಮುಂದೆ. ಒಂದು ವಾರ ದಿನಕ್ಕೆ ಹತ್ತಿಪ್ಪತ್ತು ಸಲ ಮೆಲ್ಲಗೆ ಮಾಡಿ, ಎರಡೂ ಕಿವಿ ಸಲೀಸಾಗಿ ತೆರೆಯುತ್ತವೆ ಎಂದು ಖಾತ್ರಿಯಾದ ಮೇಲೆಯೇ ನೀರಿನ ಮಾತು. ನೆಲದ ಮೇಲೆ ತೆರೆಯದ ಕಿವಿ ನೀರಿನಲ್ಲಿ ತೆರೆಯುವುದಿಲ್ಲ.

ಇಳಿಯುವ ಕ್ರಮ

ನೀರಿಗಿಳಿಯುವ ಮೊದಲು ಮೇಲೆಯೇ ಒಮ್ಮೆ ಕಿವಿ ತೆರೆದುಕೊಳ್ಳಬೇಕು. ಆಮೇಲೆ ಪ್ರತಿ ಎರಡು ಅಡಿಗೊಮ್ಮೆ. ಮುಖ್ಯವಾದದ್ದು, ಇದನ್ನು ನೋವು ಬಂದ ಮೇಲೆ ಅಲ್ಲ, ಬರುವ ಮೊದಲೇ ಮಾಡಬೇಕು. ನೋವು ಬಂತೆಂದರೆ ತಡವಾಯಿತೆಂದೇ ಅರ್ಥ. ಆಗ ಅಲ್ಲೇ ನಿಂತು ಊದುವುದಲ್ಲ. ಎರಡು ಮೂರು ಅಡಿ ಮೇಲೆ ಬಂದು ಮತ್ತೆ ಯತ್ನಿಸಬೇಕು. ಆಗಲೂ ತೆರೆಯದಿದ್ದರೆ ಅಂದಿನ ಆಟ ಮುಗಿಯಿತು.

ಹೊಸಬರು ತಲೆ ಕೆಳಗಾಗಿ ಮುಳುಗುವ ಬದಲು ಕಾಲು ಕೆಳಗೆ ಮಾಡಿ, ಕಟ್ಟಿದ ಹಗ್ಗ ಹಿಡಿದು ನಿಧಾನವಾಗಿ ಇಳಿಯುವುದು ಒಳ್ಳೆಯದು. ತಲೆ ಮೇಲಿದ್ದಾಗ ನಾಳ ಸುಲಭವಾಗಿ ತೆರೆಯುತ್ತದೆ, ನಿಲ್ಲಬೇಕಾದಲ್ಲಿ ನಿಲ್ಲಲೂ ಬಹುದು. ದಂಡೆಯ ಎತ್ತರದಿಂದ ಜಿಗಿದವನಿಗೆ ಈ ಅವಕಾಶವಿಲ್ಲ. ಅವನು ಮೂಗು ಹಿಡಿಯುವಷ್ಟರಲ್ಲಿ ಆರೆಂಟು ಅಡಿ ದಾಟಿರುತ್ತಾನೆ.

ನೆಗಡಿಯಿದ್ದರೆ ಮುಳುಗಲೇಬಾರದು. ನಾಳದ ಒಳಪೊರೆ ಊದಿಕೊಂಡು ದಾರಿ ಮುಚ್ಚಿರುತ್ತದೆ. ಮೂಗಿಗೆ ಔಷಧಿ ಹಾಕಿಕೊಂಡು ಇಳಿಯುವುದೂ ಬೇಡ. ನೀರಿನಲ್ಲಿದ್ದಾಗಲೇ ಅದರ ಪರಿಣಾಮ ಇಳಿದರೆ ಮೇಲೇಳುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಕಿವಿಗೆ ಬೆಣೆ ಹಾಕಿಕೊಂಡರೆ ರಕ್ಷಣೆ ಎಂಬುದೂ ತಪ್ಪು. ಬೆಣೆಗೂ ತಮಟೆಗೂ ನಡುವೆ ಗಾಳಿ ಸಿಕ್ಕಿ ಹೊಸ ತೊಂದರೆ ಶುರುವಾಗುತ್ತದೆ. ಕಣ್ಣಿಗೆ ಮಾತ್ರ ಹಾಕುವ ಈಜು ಕನ್ನಡಕವೂ ಆಳಕ್ಕಲ್ಲ. ಅದರೊಳಗೆ ಗಾಳಿ ಕಳಿಸುವ ದಾರಿಯಿಲ್ಲದ್ದರಿಂದ ಕಣ್ಣಿನ ಸುತ್ತ ರಕ್ತ ಕಟ್ಟುತ್ತದೆ. ಮುಳುಗುವವರ ಮುಖವಾಡ ಮೂಗನ್ನೂ ಮುಚ್ಚುವುದು ಅದಕ್ಕಾಗಿಯೇ.

ಹೆಚ್ಚು ಹೊತ್ತು ಇರಬೇಕೆಂದು ಮುಳುಗುವ ಮೊದಲು ಏದುಸಿರಿನಂತೆ ಜೋರು ಜೋರಾಗಿ ಉಸಿರಾಡುವ ಚಾಳಿ ಅತ್ಯಂತ ಅಪಾಯಕಾರಿ. ಇದರಿಂದ ಆಮ್ಲಜನಕ ಹೆಚ್ಚುವುದಿಲ್ಲ. ‘ಉಸಿರು ಬೇಕು’ ಎಂದು ಎಚ್ಚರಿಸುವ ಇಂಗಾಲದ ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ. ಎಚ್ಚರಿಕೆಯೇ ಇಲ್ಲದೆ ನೀರಿನೊಳಗೆ ಪ್ರಜ್ಞೆ ತಪ್ಪುತ್ತದೆ. ಒಬ್ಬರು ಮುಳುಗಿದಾಗ ಇನ್ನೊಬ್ಬ ಈಜು ಬಲ್ಲವರು ಮೇಲಿದ್ದು ಅವರನ್ನೇ ನೋಡುತ್ತಿರಬೇಕು ಎಂಬ ನಿಯಮಕ್ಕೆ ವಿನಾಯಿತಿಯೇ ಇಲ್ಲ.

ಇಷ್ಟೆಲ್ಲ ಮಾತು ತಳ, ಗೋಡೆ, ಮೆಟ್ಟಿಲು ಎಲ್ಲ ಗೊತ್ತಿರುವ ಬಾವಿಗೆ ಮಾತ್ರ. ಕನಕುಂಬಿಯಲ್ಲಿ ಹುಟ್ಟಿ ಕಿತ್ತೂರು, ಬೈಲಹೊಂಗಲದ ಕಡೆಯಿಂದ ಹರಿದುಬರುವ ಮಲಪ್ರಭೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ರೇಣುಕಾಸಾಗರವಾಗಿ ನಿಲ್ಲುತ್ತಾಳೆ. ಮುಂದೆ ರಾಮದುರ್ಗವನ್ನು ಮುಟ್ಟುತ್ತಾಳೆ. ಜಲಾಶಯದ ಹಿನ್ನೀರು, ಹೊಳೆಯ ಮಡು, ಸೊಗಲದ ಜಲಪಾತದ ಬುಡ, ಇವು ಮುಳುಗಿ ಕಲಿಯುವ ಜಾಗಗಳಲ್ಲ. ಕದಡಿದ ನೀರು, ಕಾಣದ ಬಂಡೆ, ಸೆಳೆತ ಇವೆಲ್ಲ ಕಿವಿಯ ಪಾಠಕ್ಕೆ ಸಮಯ ಕೊಡುವುದಿಲ್ಲ.

ತಂದೆತಾಯಿಗಳು ಗಮನಿಸಬೇಕಾದ್ದು

ಚಿಕ್ಕ ಮಕ್ಕಳ ಕಿವಿಯ ನಾಳ ದೊಡ್ಡವರದಕ್ಕಿಂತ ಗಿಡ್ಡ, ಕಿರಿದು, ಹೆಚ್ಚು ಅಡ್ಡಡ್ಡ. ಬೇಗ ಕಟ್ಟಿಕೊಳ್ಳುತ್ತದೆ. ಪದೇ ಪದೇ ಕಿವಿ ಸೋರುವ, ಬಾಯಿಯಿಂದ ಉಸಿರಾಡುವ ಮಗುವನ್ನು ವೈದ್ಯರಿಗೆ ತೋರಿಸದೆ ಬಾವಿಗೆ ಕಳಿಸಬಾರದು. ಅವರು ಮೇಲೆ ಮೇಲೆ ಈಜು ಕಲಿಯಲಿ, ತಳದ ಪಂದ್ಯ ಬೇಡ.

ಬಾವಿಯಿಂದ ಬಂದ ಹುಡುಗ ಕಿವಿ ಹಿಡಿದುಕೊಂಡರೆ ಮನೆಯಲ್ಲಿ ಮೊದಲು ನೆನಪಾಗುವುದು ಬಿಸಿ ಎಣ್ಣೆ, ಬೆಳ್ಳುಳ್ಳಿ. ಬಹಳಷ್ಟು ಹಾನಿ ಆಗುವುದು ಇಲ್ಲಿಯೇ. ತಮಟೆ ಹರಿದಿದ್ದರೆ ಹಾಕಿದ ಎಣ್ಣೆ ನೇರ ನಡುಗಿವಿಗೆ ಇಳಿದು ಸೋಂಕು ತರುತ್ತದೆ. ಏನನ್ನೂ ಹಾಕದೆ, ಕಡ್ಡಿಯಿಂದ ಕೆದಕದೆ, ನೀರು ತಾಗದಂತೆ ನೋಡಿಕೊಂಡು ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಬೇಕು. ಸಣ್ಣ ಹರಿತಗಳು ಹೆಚ್ಚಾಗಿ ಕೆಲವು ವಾರಗಳಲ್ಲಿ ತಾವೇ ಕೂಡಿಕೊಳ್ಳುತ್ತವೆ. ವೈದ್ಯರು ನೋಡಿ ಹೇಳುವವರೆಗೆ ಮತ್ತೆ ಮುಳುಗುವಂತಿಲ್ಲ. ಒಮ್ಮೆಲೇ ಕೇಳಿಸದಂತಾದರೆ, ಜೊತೆಗೆ ತಲೆಸುತ್ತು, ವಾಂತಿ ಇದ್ದರೆ ಅದು ಒಳಗಿವಿಯ ಪೆಟ್ಟು. ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಎಷ್ಟೋ ಹುಡುಗರು ಬೈಗುಳಕ್ಕೆ ಹೆದರಿ ಹೇಳುವುದೇ ಇಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಹಿಂದಿನ ಬೆಂಚಿನಲ್ಲಿ ಕುಳಿತು, ಪಾಠ ಅರ್ಧಂಬರ್ಧ ಕೇಳಿಸಿ, ‘ದಡ್ಡ’ ಎನಿಸಿಕೊಳ್ಳುತ್ತಾರೆ. ಕರೆದರೆ ತಿರುಗದ, ಟೀವಿ ಸದ್ದು ಹೆಚ್ಚಿಸುವ ಮಗುವಿನ ಕಿವಿಯನ್ನು ಒಮ್ಮೆ ತೋರಿಸಿ. ಈಜು ಬಿಡಿಸುವುದು ಇದಕ್ಕೆ ಪರಿಹಾರವಲ್ಲ. ನೀರಿಗೆ ಹೆದರದ ಮಗು ಊರಿಗೇ ಆಸ್ತಿ. ಕಿವಿ ನೊಂದಾಗ ಮೇಲೆ ಬರುವವನೇ ಜಾಣ ಎಂದು ಮೆಟ್ಟಿಲ ಮೇಲೆ ಕುಳಿತ ಹಿರಿಯರು ಒಮ್ಮೆ ಹೇಳಿದರೆ ಸಾಕು. ಉಸುಕು ತರುವ ಪಂದ್ಯ ನಾಳೆಯೂ ಇರುತ್ತದೆ.

ನೆನಪಿರಲಿ

* ನೆಲದ ಮೇಲೆ ಕಲಿತು, ಆಮೇಲೆ ನೀರಿಗೆ.
* ಎರಡು ಅಡಿಗೊಮ್ಮೆ, ನೋವು ಬರುವ ಮೊದಲೇ ಕಿವಿ ತೆರೆಯಿರಿ.
* ಮೆಲ್ಲಗೆ ಮಾಡಿ, ಬಲ ಹಾಕಬೇಡಿ.
* ತೆರೆಯದಿದ್ದರೆ ಮೇಲೆ ಬನ್ನಿ. ಅದು ಸೋಲಲ್ಲ.
* ನೆಗಡಿ, ಕಿವಿಸೋರಿಕೆ ಇದ್ದ ದಿನ ಮುಳುಗುವುದು ಬೇಡ.
* ಒಬ್ಬರೇ ಎಂದೂ ಮುಳುಗಬೇಡಿ.
* ನೊಂದ ಕಿವಿಗೆ ಎಣ್ಣೆ ಬೇಡ, ವೈದ್ಯರು ಬೇಕು.